ಅಮ್ಮನ ಜೊತೆ ಮೂರೇ ದಿನ: ಪ್ರಾಗ್, ವಿಯೆನ್ನಾ, ಲಿಸ್ಬನ್‌ನಲ್ಲಿ ಯಾವುದು?

ಕುಂದಾಪುರದ ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸ್ಟುಟ್‌ಗಾರ್ಟ್‌ಗೆ ಬಂದು ಆರು ವರ್ಷ ಆಯ್ತು. ಬರುವ ತಿಂಗಳು ಅಮ್ಮ ಬರ್ತಿದ್ದಾರೆ, ಇದು ಎರಡನೇ ಸಲ. ವಯಸ್ಸು 67. ಬಸ್ರೂರಿನ ಹತ್ತಿರ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದು ರಿಟೈರ್ ಆದವರು. ಮಂಡಿನೋವಿದೆ. ಸಮತಟ್ಟು ಜಾಗದಲ್ಲಿ ಒಂದು ಗಂಟೆ ಆರಾಮಾಗಿ ನಡೀತಾರೆ, ಮೆಟ್ಟಿಲು ಕಷ್ಟ. ಸಸ್ಯಾಹಾರಿ, ಮೊಟ್ಟೆನೂ ತಿನ್ನಲ್ಲ.

ಹೋದ ಸಲ ನಾನು ಮಾಡಿದ ತಪ್ಪನ್ನ ಮೊದಲೇ ಹೇಳಿಬಿಡ್ತೀನಿ. ಬಸ್ ಟೂರ್ ಬುಕ್ ಮಾಡಿ ನಾಲ್ಕು ದಿನದಲ್ಲಿ ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್ ಮುಗಿಸಿದ್ವಿ. ಐಫೆಲ್ ಟವರ್ ಬುಡದಲ್ಲಿ ನಲವತ್ತು ನಿಮಿಷ, ಅದರಲ್ಲಿ ಅರ್ಧ ಗ್ರೂಪ್ ಫೋಟೋಗೇ ಹೋಯ್ತು. ಊರಿಗೆ ಹೋದಮೇಲೆ ಪಕ್ಕದ ಮನೆಯವರು "ಎಂತೆಲ್ಲ ಕಂಡ್ರಿ ಟೀಚರೇ" ಅಂತ ಕೇಳಿದಾಗ ಅಮ್ಮ ಹೇಳಿದ್ದು ಎರಡೇ: ಹೈವೇ ಬದಿಯ ಗಾಳಿಯಂತ್ರ, ಮತ್ತೆ ದುಡ್ಡು ಕೊಟ್ಟು ಹೋಗಬೇಕಾದ ಟಾಯ್ಲೆಟ್. ಅವರು ದೂರಿ ಹೇಳಿದ್ದಲ್ಲ, ನೆನಪಲ್ಲಿ ಉಳಿದಿದ್ದೇ ಅಷ್ಟು. ಫೋನಲ್ಲಿ ಅದನ್ನ ಕೇಳಿ ನನಗೆ ಅಳು ಬಂತು.

ಈ ಸಲ ಒಂದೇ ಊರು, ಮೂರು ದಿನ. ಶನಿವಾರ, ಭಾನುವಾರ, ಸೋಮವಾರ. ಪ್ರಾಗ್, ವಿಯೆನ್ನಾ, ಲಿಸ್ಬನ್ ಮನಸ್ಸಲ್ಲಿವೆ. ನೋಡುವ ಜಾಗಗಳ ಪಟ್ಟಿ ಎಲ್ಲ ಕಡೆ ಸಿಗುತ್ತೆ, ಅದು ಬೇಡ. ನೀವು ಅಪ್ಪ ಅಮ್ಮನ ಜೊತೆ ಹೋಗಿದ್ದರೆ ಅವರಿಗೆ ನಿಜವಾಗಿ ಯಾವುದು ಹಿಡಿಸ್ತು ಅಂತ ಹೇಳಿ.

ಡ್ರೆಸ್ಡನ್ ರಾಯರು:

ತಂಗಿ, ನಾನು ಅಪ್ಪ ಅಮ್ಮ ಇಬ್ಬರನ್ನೂ ಪ್ರಾಗ್‌ಗೆ ಕರ್ಕೊಂಡು ಹೋಗಿದ್ದೆ. ಇಲ್ಲಿಂದ ರೈಲಲ್ಲಿ ಎರಡೂವರೆ ಗಂಟೆ ಅಷ್ಟೇ. ಎಡಗಡೆ ಕಿಟಕಿಯಲ್ಲಿ ಕೂತರೆ ಎಲ್ಬೆ ನದಿ, ಮರಳುಗಲ್ಲಿನ ಬಂಡೆಗಳು ಜೊತೆಗೇ ಬರ್ತಾವೆ. ಅಪ್ಪನಿಗೆ ಊರಿಗಿಂತ ಆ ದಾರಿಯೇ ಇಷ್ಟ ಆಯ್ತು.

ಮಂಡಿನೋವಿದ್ದರೆ ಯೋಚನೆ ಮಾಡಿ. ಹಳೇ ಊರೆಲ್ಲ ಕಲ್ಲು ಹಾಸಿದ ಬೀದಿ. ಕೋಟೆಗೆ 22ನೇ ನಂಬರ್ ಟ್ರಾಮ್ ಹಿಡಿದರೆ ಏರು ತಪ್ಪುತ್ತೆ, ಉಳಿದದ್ದಕ್ಕೆ ನಡೆಯಲೇಬೇಕು. ಹಳೇ ಊರಿನ ಚೌಕದಲ್ಲಿರೋ 1410ರ ಗಡಿಯಾರದ ಮುಂದೆ ಗಂಟೆ ಹೊಡೆಯೋ ಹೊತ್ತಿಗೆ ಜಾತ್ರೆ. ಅಮ್ಮನಿಗೆ ಮುಂದಿನವರ ತಲೆ ಬಿಟ್ಟು ಬೇರೇನೂ ಕಾಣಲಿಲ್ಲ.

ಆದರೆ ಪಿಂಕಾಸ್ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದನ್ನ ಅವರು ಇವತ್ತಿಗೂ ಮರೆತಿಲ್ಲ. ನಾಜಿಗಳು ಕೊಂದ ಸುಮಾರು 78 ಸಾವಿರ ಯಹೂದಿಗಳ ಹೆಸರನ್ನ ಗೋಡೆ ತುಂಬ ಕೈಯಿಂದ ಬರೆದಿದ್ದಾರೆ. ಕಮ್ಯುನಿಸ್ಟ್ ಕಾಲದಲ್ಲಿ ಕಟ್ಟಡ ಮುಚ್ಚಿ, ತೇವ ಹತ್ತಿ ಅಕ್ಷರ ಹಾಳಾಗಿತ್ತಂತೆ. 1990ರ ದಶಕದಲ್ಲಿ ಮತ್ತೆ ಅಷ್ಟನ್ನೂ ಬರೆದರು. ಅಮ್ಮನಿಗೆ ಆ ಲಿಪಿ ಓದಕ್ಕೆ ಬರಲ್ಲ. "ಇದೊಂದೇ ಮನೆಯವರಾ?" ಅಂತ ಒಂದೇ ಥರ ಶುರುವಾಗುವ ಸಾಲುಗಳನ್ನ ತೋರಿಸಿ ಕೇಳಿದರು. ಹೌದು, ಒಂದೇ ಮನೆಯವರು. ಮೇಲಿನ ಮಹಡಿಯಲ್ಲಿ ನಾಜಿಗಳ ಟೆರೆಜಿನ್ ಸೆರೆಶಿಬಿರದಲ್ಲಿದ್ದ ಮಕ್ಕಳು ಬರೆದ ಚಿತ್ರಗಳಿವೆ. ನಿಮ್ಮ ಅಮ್ಮ ಟೀಚರ್ ಅಂದ್ರಲ್ಲ, ಅವರಿಗೆ ಅದು ತುಂಬ ತಟ್ಟುತ್ತೆ. ಶನಿವಾರ ಮುಚ್ಚಿರುತ್ತೆ, ಗಮನ ಇರಲಿ.

ಸಿದ್ದಾಪುರ ಸೀಮೆ:

ನಾನು ಲಿಸ್ಬನ್ ಅಂತೀನಿ. ಕಾರಣ ಸ್ವಲ್ಪ ಉದ್ದ, ಬೇಜಾರು ಮಾಡ್ಕೋಬೇಡಿ.

ಹೋದ ವರ್ಷ ಮಾರ್ಚ್‌ನಲ್ಲಿ ಆಯಿನ, ಅಂದ್ರೆ ಅಮ್ಮನ, ಕರ್ಕೊಂಡು ಮೂರು ದಿನಕ್ಕೆ ಹೋಗಿದ್ದೆ. ನಮ್ಮದು ಸಿದ್ದಾಪುರದ ಕಡೆ ಅಡಿಕೆ ತೋಟ, ಮರಕ್ಕೆಲ್ಲ ಕಾಳುಮೆಣಸಿನ ಬಳ್ಳಿ. ಮಾರ್ಚ್ ಅಂದ್ರೆ ಮೆಣಸು ಕೊಯ್ಯೋ ಕಾಲ. ಆಯಿ ಬಂದಿದ್ದೇ ಅರೆಮನಸ್ಸಿಂದ. ವಿಮಾನದಲ್ಲೂ "ಏಣಿ ಹತ್ತೋ ಜನ ಸಿಕ್ಕಿದ್ರೋ ಇಲ್ಯೋ" ಅಂತಲೇ ಇದ್ಲು.

ನಾವು ಉಳಿದಿದ್ದು ಒಬ್ಬ ವಯಸ್ಸಾದ ಹೆಂಗಸಿನ ಮನೆಯ ಕೋಣೆಯಲ್ಲಿ. ಅವರಿಗೆ ಇಂಗ್ಲಿಷ್ ಬರ್ತಿರಲಿಲ್ಲ, ಆಯಿಗೂ ಬರಲ್ಲ. ಕೋಣೆ ತೋರಿಸ್ತಾ ಒಂದೊಂದನ್ನೇ ಮುಟ್ಟಿ ಹೆಸರು ಹೇಳಿದರು. ಕಿಟಕಿ ಮುಟ್ಟಿ "ಜನೆಲಾ". ಬೀಗದ ಕೈ ಎತ್ತಿ "ಶಾವ್". ಬಟ್ಟೆ ಇಡೋ ಕಪಾಟು ತೆಗೆದು "ಅರ್ಮಾರ್ಯು". ಬಾತ್‌ರೂಮಿನಲ್ಲಿ ನೆಲ ಒರೆಸೋ ಬಕೆಟ್ ತೋರಿಸಿ "ಬಾಲ್ದ್". ಆಯಿ ನನ್ನ ಕೈ ಹಿಡಿದು ನಿಲ್ಲಿಸಿದ್ಲು. "ತಮಾ, ಇವು ನಮ್ ಬದಿ ಮಾತೇ ಅಲ್ದನಾ?" ಹೌದಲ್ಲ! ಚಾವಿ, ಅಲಮಾರಿ, ಬಾಲ್ದಿ. ನಮ್ಮೂರಿನ ಕೊಂಕಣಿಯವರು ಕಿಟಕಿಗೆ ಜನೆಲ ಅಂತಲೇ ಅಂತಾರೆ. ಆಮೇಲೆ ಇಬ್ಬರೂ ಹುಡುಗಿಯರ ಥರ ಮನೆಯೆಲ್ಲ ಸುತ್ತಿದರು. ಅಡುಗೆಮನೆಯಲ್ಲಿ ಅನಾನಸು ಸಿಕ್ತು, ಅದಕ್ಕೆ ಎರಡೂ ಕಡೆ ಒಂದೇ ಹೆಸರು. ಗಾರೆ ಕೆಲಸದ ಮೇಸ್ತ್ರಿ, ಚರ್ಚಿನ ಪಾದ್ರಿ ಅನ್ನೋ ಮಾತುಗಳೂ ಪೋರ್ಚುಗೀಸಿಂದ ಬಂದವೇ ಅಂತ ನಾನು ಹೇಳಿದೆ. ಅರ್ಧ ಗಂಟೆ ಮೊದಲು ತೋಟದ ಚಿಂತೆಯಲ್ಲಿದ್ದ ಆಯಿಯ ಮುಖವೇ ಬೇರೆಯಾಗಿತ್ತು.

ಮರುದಿನ ಬೆಲೆಂ ಅನ್ನೋ ಬಡಾವಣೆಗೆ ಹೋದ್ವಿ. 15ನೇ ನಂಬರ್ ಟ್ರಾಮ್ ಹೊಳೆ ಬದಿಗೇ ಹೋಗುತ್ತೆ. ಅದರಲ್ಲಿ ಹೊಸ ನಮೂನೆಯ, ನೆಲ ತಗ್ಗಿರೋ ಗಾಡಿ ಬಂದರೆ ಮಂಡಿಗೆ ಕಷ್ಟ ಇಲ್ಲ. (ಎಲ್ಲರೂ ಹೇಳೋ ಹಳದಿ ಬಣ್ಣದ 28ನೇ ನಂಬರ್ ಬಿಟ್ಟುಬಿಡಿ. ಮೆಟ್ಟಿಲು ಎತ್ತರ, ಒಳಗೆ ಕಾಲಿಡೋಕೆ ಜಾಗ ಇರಲ್ಲ.) ಅಲ್ಲಿ ಜೆರೋನಿಮುಶ್ ಅಂತ ಸನ್ಯಾಸಿಗಳ ಮಠ ಇದೆ. 1501ರಲ್ಲಿ ಶುರು ಮಾಡಿ ಕಟ್ಟಿ ಮುಗಿಸೋಕೆ ನೂರು ವರ್ಷ ಹಿಡಿಯಿತು. ದುಡ್ಡು ಎಲ್ಲಿಂದ ಬಂತು ಗೊತ್ತಾ? ಆಫ್ರಿಕಾದಿಂದ, ನಮ್ಮ ಕಡೆಯಿಂದ ಹಡಗಲ್ಲಿ ಬಂದ ಸರಕಿನ ಮೇಲೆ ನೂರಕ್ಕೆ ಐದರಂತೆ ರಾಜ ಹಾಕಿದ ತೆರಿಗೆಯಿಂದ. ಆ ತೆರಿಗೆಯ ಹೆಸರೇ "ಮೆಣಸಿನ ಇಪ್ಪತ್ತನೇ ಪಾಲು" ಅಂತ. ಅದನ್ನ ಆಯಿಗೆ ಹೇಳಿದಾಗ ಅವಳು ಕಂಬದ ಹತ್ತಿರ ಹೋಗಿ ಕಲ್ಲನ್ನ ಸವರಿ ನೋಡಿದ್ಲು. ಕಲ್ಲಲ್ಲೇ ಹಡಗಿನ ಹಗ್ಗ ಹೊಸೆದ ಹಾಗೆ ಕೆತ್ತಿದ್ದಾರೆ, ಗಂಟು ಸಮೇತ. "ನಮ್ ಮೆಣಸಿಂದೇಯಾ ಇದೆಲ್ಲ?" ಅಂದ್ಲು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನ ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೀತಿದ್ದರು ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮೆಣಸು ಕೊಂಡುಹೋದವರ ಮನೆಬಾಗಿಲಲ್ಲಿ ನಿಂತು ನೋಡಿದ್ದು ಅದೇ ಮೊದಲು.

ಮಠದ ಚರ್ಚ್ ಒಳಗೆ ಹೋದ ಕೂಡಲೇ ಎಡಗಡೆ ವಾಸ್ಕೋ ಡ ಗಾಮನ ಗೋರಿ. ಅವನು ಸತ್ತಿದ್ದು 1524ರಲ್ಲಿ ಕೊಚ್ಚಿಯಲ್ಲಿ. ಅಲ್ಲೇ ಹೂತಿದ್ದರು, 1539ರಲ್ಲಿ ಪೋರ್ಚುಗಲ್‌ಗೆ ತಂದರು. ಗೋರಿ ಮೇಲೆ ಅವನ ಕಲ್ಲಿನ ಮೂರ್ತಿ ಅಂಗಾತ ಮಲಗಿದೆ, ಎದೆ ಮೇಲೆ ಕೈ ಮುಗಿದುಕೊಂಡು. ಆಯಿ ಹತ್ತು ನಿಮಿಷ ಅಲ್ಲಿಂದ ಕದಲಲಿಲ್ಲ. ನಾನು ಕ್ಯಾಲಿಕಟ್, ಫಿರಂಗಿ, ಅಬ್ಬಕ್ಕ ಅಂತ ಏನೇನೋ ಹೇಳ್ತಿದ್ದೆ. ಅವಳು ಕೇಳಿದ್ದು ಒಂದೇ ಮಾತು: "ಆಗ ಮೆಣಸಿಗೆ ಎಷ್ಟು ರೇಟ್ ಇತ್ತಡ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಸಂಜೆ ಮಾರ್ತಿಂ ಮೊನೀಶ್ ಹತ್ತಿರ ಬಾಂಗ್ಲಾದೇಶದವರ ಕಿರಾಣಿ ಅಂಗಡಿಗೆ ಅಕ್ಕಿ, ಮೊಸರು ತರೋಕೆ ಹೋದ್ವಿ. ಆಯಿ ಮಸಾಲೆ ಸಾಲಿಗೆ ಹೋಗಿ 50 ಗ್ರಾಂ ಕಾಳುಮೆಣಸಿನ ಪೊಟ್ಟಣ ಕೈಗೆತ್ತಿಕೊಂಡ್ಲು. ಎರಡು ಯೂರೋ. ಬೆರಳು ಮಡಚಿ ಲೆಕ್ಕ ಹಾಕಿದ್ಲು, ಕಿಲೋಗೆ ಮೂರೂವರೆ ಸಾವಿರ ರೂಪಾಯಿ ದಾಟ್ತು. ನಮಗೆ ಸೊಸೈಟಿಯಲ್ಲಿ ಆಗ ಸಿಗ್ತಿದ್ದುದು ಆರುನೂರರ ಆಸುಪಾಸು. ಪೊಟ್ಟಣವನ್ನ ಬೆಳಕಿಗೆ ಹಿಡಿದು ಕಾಳು ನೋಡಿ, "ಜೊಳ್ಳಿದ್ದು, ಸರಿ ಬಲಿತ್ತಿಲ್ಲೆ" ಅಂತ ವಾಪಸ್ ಇಟ್ಲು. ನನಗೆ ಹೆಮ್ಮೆ ಆಯ್ತು, ಹೊಟ್ಟೆಯಲ್ಲಿ ಸಂಕಟವೂ ಆಯ್ತು. ಐನೂರು ವರ್ಷ ಆದರೂ ಬೆಳೆದವನಿಗೂ ಮಾರುವವನಿಗೂ ನಡುವೆ ಅಷ್ಟೇ ದೂರ ಇದೆ.

ಊಟದ ವಿಷಯ. ಅಲ್ಲಿ ಎಲ್ಲ ಕಡೆ ಮೀನು. ಸೊಪ್ಪಿನ ಸೂಪ್ ಅಂತ ಕೊಡೋದರಲ್ಲೂ ಹಂದಿ ಸಾಸೇಜ್ ತುಂಡು ಇರುತ್ತೆ, ಕೇಳಿ ತಗೊಳ್ಳಿ. 1837ರಿಂದ ಬೆಲೆಂನಲ್ಲಿ ಮಾರೋ ಪಶ್ತೆಲ್ ಅನ್ನೋ ಪ್ರಸಿದ್ಧ ತಿಂಡಿ ಪೂರ್ತಿ ಮೊಟ್ಟೆಯ ಹಳದಿ, ನಿಮ್ಮ ಅಮ್ಮನಿಗೆ ಆಗಲ್ಲ. ಆದರೆ ಗಲಾವ್ ಅಂತ ಹಾಲು ಜಾಸ್ತಿ ಹಾಕಿದ ಕಾಫಿ ಉದ್ದನೆ ಗಾಜಿನ ಲೋಟದಲ್ಲಿ ಕೊಡ್ತಾರೆ. ಆಯಿ ದಿನಕ್ಕೆ ಮೂರು ಕುಡಿದ್ಲು.

ಕೊನೇ ದಿನ ಎಲ್ಲೂ ಹೋಗಲಿಲ್ಲ. ಕಾಯಿಶ್ ದು ಸೊದ್ರೆಯಿಂದ ಲಾಂಚಿನಲ್ಲಿ ಆಚೆ ದಡದ ಕಸೀಲ್ಯಾಶ್‌ಗೆ ಹೋದ್ವಿ, ಹತ್ತು ನಿಮಿಷದ ದಾರಿ. ಅಲ್ಲಿ ಹೊಳೆ ನೋಡಿದರೆ ಹೊನ್ನಾವರದ ಶರಾವತಿ ಅಳಿವೆ ನೆನಪಾಗುತ್ತೆ. ಸೇತುವೆ ಆಗೋ ಮೊದಲು ತವರಿಗೆ ತಾರಿಯಲ್ಲಿ ಹೋಗ್ತಿದ್ದ ಕಥೆಯನ್ನ ಆಯಿ ಹೇಳಿದ್ದು ಅವತ್ತೇ. ಮೂವತ್ತೆಂಟು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರದ ಕಥೆ.

ವಿಯೆನ್ನಾ ವಾಸಿ:

ಸಿದ್ದಾಪುರದವರು ಬರೆದದ್ದು ಓದಿದ ಮೇಲೆ ಬೇರೆ ಊರಿನ ಪರ ವಾದ ಮಾಡೋದು ಕಷ್ಟ. ಆದರೂ ಮಂಡಿನೋವಿನವರಿಗೆ ವಿಯೆನ್ನಾದಷ್ಟು ಸುಲಭದ ಊರು ಈ ಮೂರರಲ್ಲಿ ಇಲ್ಲ. ಟ್ರಾಮಿನಲ್ಲಿ ಕೂತೇ ಅರ್ಧ ಊರು ನೋಡಬಹುದು. ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಒರತೆಯಿಂದ ಬರುತ್ತೆ, ಮೊದಲ ಕಾಲುವೆ 1873ರದ್ದು. ಕಾಫಿ ತಂದಿಟ್ಟಾಗ ಪಕ್ಕದಲ್ಲಿ ಒಂದು ಲೋಟ ಆ ನೀರು ಇದ್ದೇ ಇರುತ್ತೆ. ನಮ್ಮತ್ತೆಗೆ ಅರಮನೆಗಿಂತ ಆ ನೀರೇ ಹಿಡಿಸ್ತು.

ಇನ್ನೊಂದು, ಅಲ್ಲಿನ ಕಲಾ ಮ್ಯೂಸಿಯಂನಲ್ಲಿ ಬ್ರೂಗೆಲ್ ಅನ್ನೋ ಹಳೇ ಕಾಲದ ಚಿತ್ರಕಾರನ ಕೋಣೆ. ಕೂರೋಕೆ ಸೋಫಾ ಇದೆ. 1565ರ ಒಂದು ಚಿತ್ರ, ಹಿಮದಲ್ಲಿ ಬೇಟೆಗಾರರು ನಾಯಿಗಳ ಜೊತೆ ಊರಿಗೆ ವಾಪಸ್ ಬರ್ತಿದ್ದಾರೆ. ಅತ್ತೆ ಬೇಟೆಗಾರರನ್ನ ನೋಡಲೇ ಇಲ್ಲ. ಕೆಳಗೆ ಚಿಕ್ಕ ಸೇತುವೆ ಮೇಲೆ ಸೌದೆ ಹೊರೆ ಹೊತ್ತು ಹೋಗುವ ಒಬ್ಬ ಹೆಂಗಸಿದ್ದಾಳೆ. ನಾನು ಹತ್ತು ಸಲ ಹೋಗಿದ್ದರೂ ಕಂಡಿರಲಿಲ್ಲ. ಅವರು ಕೂತ ಐದು ನಿಮಿಷಕ್ಕೆ ಅವಳನ್ನ ತೋರಿಸಿದರು.

ಕುಂದಾಪುರದ ಮಗಳು:

ಮೂವರಿಗೂ ಮನಸಾರೆ ವಂದನೆ. ಲಿಸ್ಬನ್ ಟಿಕೆಟ್ ಬುಕ್ ಮಾಡಿದೆ. ಅಮ್ಮನಿಗೆ ಫೋನ್ ಮಾಡಿ ವಾಸ್ಕೋ ಡ ಗಾಮನ ಗೋರಿ ಅಂದ ಕೂಡಲೇ ಅವರು "1498" ಅಂದ್ರು, ಕ್ಲಾಸಲ್ಲಿ ಹೇಳಿದ ಹಾಗೆ. ಅಷ್ಟೂ ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದಂತೆ. ಪೋರ್ಚುಗೀಸರು ಬಸ್ರೂರಿಗೆ ಬಾರ್ಸೆಲೋರ್ ಅಂತಿದ್ದರು, ಇಲ್ಲಿಂದ ಅಕ್ಕಿ ಒಯ್ಯುತ್ತಿದ್ದರು ಅಂತಲೂ ಹೇಳಿದರು. ನನಗೆ ಇದೆಲ್ಲ ಗೊತ್ತೇ ಇರಲಿಲ್ಲ.

ಬೆಲೆಂಗೆ ಸೋಮವಾರ ಹೋದರೆ ಜನ ಕಮ್ಮಿ ಇರ್ತಾರಾ? ಅಮ್ಮ ಎಷ್ಟು ಹೊತ್ತು ಸಾಲಲ್ಲಿ ನಿಲ್ಲಬೇಕಾಗುತ್ತೆ?

ಸಿದ್ದಾಪುರ ಸೀಮೆ:

ಸೋಮವಾರ ಬೇಡ, ಮಠಕ್ಕೆ ಅವತ್ತು ರಜಾ. ಶನಿವಾರ ಬೆಳಗ್ಗೆ ಬಾಗಿಲು ತೆಗೆಯೋ ಮೊದಲೇ ಹೋಗಿ. ಉದ್ದನೆ ಸಾಲು ಒಳಗಿನ ಕಂಬಸಾಲಿನ ಅಂಗಳಕ್ಕೆ. ಗೋರಿ ಇರೋ ಚರ್ಚಿಗೆ ಸಾಲು ಬೇರೆ, ಎಲ್ಲಿ ನಿಲ್ಲಬೇಕು ಅಂತ ಅಲ್ಲಿನವರನ್ನ ಕೇಳಿಕೊಳ್ಳಿ. ಒಳಗೆ ಬೆಂಚುಗಳಿವೆ, ಅಮ್ಮ ಕೂತು ನೋಡಬಹುದು.

ಅಲ್ಲಿಂದ ರಸ್ತೆ ದಾಟಿ ಹೊಳೆ ಬದಿಗೆ ಬಂದರೆ ನಾವಿಕರ ದೊಡ್ಡ ಸ್ಮಾರಕ, 1960ರದ್ದು. ಮೇಲೆ ಹತ್ತಬೇಡಿ. ಅದರ ಮುಂದಿನ ಬಯಲಲ್ಲಿ ನೆಲದ ಮೇಲೇ ಬಣ್ಣಬಣ್ಣದ ಅಮೃತಶಿಲೆಯಲ್ಲಿ ಪ್ರಪಂಚದ ನಕ್ಷೆ ಮಾಡಿದ್ದಾರೆ. ಯಾವ ವರ್ಷ ಯಾವ ತೀರ ಮುಟ್ಟಿದರು ಅಂತ ಕಲ್ಲಲ್ಲೇ ಕೂರಿಸಿದ್ದಾರೆ. ಸಮತಟ್ಟು ನೆಲ, ದುಡ್ಡು ಕೊಡಬೇಕಾಗಿಲ್ಲ. ನಿಮ್ಮ ಅಮ್ಮನ ಪಾಠವೇ ಅಲ್ಲಿ ನೆಲದ ಮೇಲೆ ಹರಡಿದೆ ಅಂದ್ಕೊಳ್ಳಿ. ನೆರಳು ಒಂದು ಚೂರೂ ಇಲ್ಲ, ಮಾರ್ಚ್‌ನಲ್ಲೇ ಮಧ್ಯಾಹ್ನ ಬಿಸಿಲು ಚುರುಗುಟ್ತಿತ್ತು. ಕೊಡೆ ಮರೀಬೇಡಿ.