ಹಳೇ ಟೇಬಲ್ ಸಾ: ಹಲಗೆ ಅರ್ಧ ಹೋದ ಮೇಲೆ ಸುಡುತ್ತಿದೆ, ಏನು ನೋಡಲಿ?

ಸಾಗರದವ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಮುಚ್ಚಿದ ಫರ್ನಿಚರ್ ಅಂಗಡಿಯಿಂದ ಒಂದು ಹಳೇ ಟೇಬಲ್ ಸಾ (ಮೇಜಿನ ಸೀಳಿನಿಂದ ಬ್ಲೇಡ್ ಮೇಲೆ ಬರುವ, ಮರ ಸೀಳುವ ಯಂತ್ರ) ತಂದಿದ್ದೇನೆ. ಬೀಡು ಕಬ್ಬಿಣದ ಟೇಬಲ್, 10 ಇಂಚಿನ ಬ್ಲೇಡ್, ಕೆಳಗೆ 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್, ಬೆಲ್ಟಿನಲ್ಲಿ ಓಡುತ್ತದೆ. ಟೇಬಲ್ ಮೇಲೆಲ್ಲ ತುಕ್ಕು. ಆನ್ ಮಾಡಿದರೆ ಗರಗರ ಸದ್ದು. ಹಲಸಿನ ಹಲಗೆ ಸೀಳಿ ನೋಡಿದೆ. ಅರ್ಧದ ತನಕ ಸಲೀಸಾಗಿ ಹೋಗಿ, ಆಮೇಲೆ ಬಿಗಿಯಾಗಿ ಹೊಗೆ ಬರುತ್ತದೆ. ಫೆನ್ಸ್ (ಹಲಗೆ ಒರಗಿಸಿ ತಳ್ಳುವ ಪಟ್ಟಿ) ಕಡೆ ಇರುವ ತುಂಡು ಕಪ್ಪಾಗುತ್ತದೆ, ಆಚೆ ಬೀಳುವ ತುಂಡು ಚೊಕ್ಕವಾಗಿದೆ. ಹೊಸ ಬ್ಲೇಡ್ ಹಾಕು ಅಂತ ಎಲ್ಲರೂ ಹೇಳುತ್ತಾರೆ. ಅದೇ ಸರಿಯಾ?

ಬೀಡು ಕಬ್ಬಿಣ:
ಬ್ಲೇಡಿಗೆ ಈಗಲೇ ದುಡ್ಡು ಹಾಕಬೇಡಿ. ಬ್ಲೇಡ್ ಮೊಂಡಾಗಿದ್ದರೆ ಶುರುವಿನಿಂದಲೇ, ಎರಡೂ ಕಡೆ ಸುಡುತ್ತಿತ್ತು. ನಿಮ್ಮದು ಫೆನ್ಸ್ ಕಡೆ ಮಾತ್ರ. ಅಂದರೆ ಫೆನ್ಸಿನ ಹಿಂದಿನ ತುದಿ ಬ್ಲೇಡಿನ ಕಡೆಗೆ ವಾಲಿದೆ. ಹಲಗೆ ಫೆನ್ಸಿಗೂ ಬ್ಲೇಡಿನ ಹಿಂದಿನ ಹಲ್ಲಿಗೂ ನಡುವೆ ಸಿಕ್ಕಿಕೊಳ್ಳುತ್ತಿದೆ. ಹಿಂದಿನ ಹಲ್ಲು ಕೆಳಗಿನಿಂದ ಮೇಲಕ್ಕೆ ಏಳುತ್ತವೆ, ಹಲಗೆಯನ್ನು ಎತ್ತಿ ನಿಮ್ಮ ಹೊಟ್ಟೆಗೇ ಎಸೆಯುತ್ತವೆ. ಸರಿಯಾಗುವ ತನಕ ಅದರಲ್ಲಿ ಏನೂ ಸೀಳಬೇಡಿ.

ಮೊದಲು ಬೇರಿಂಗ್. ಪ್ಲಗ್ ಕಿತ್ತು, ಬೆಲ್ಟ್ ಕಳಚಿ, ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಒಳಗೆ ಮರಳು ಅರೆದ ಹಾಗೆ ಅನಿಸಿದರೆ ಬೇರಿಂಗ್ ಹೋಗಿದೆ. ಬ್ಲೇಡ್ ಹಿಡಿದು ಅಲ್ಲಾಡಿಸಿ, ಚೂರೂ ಆಟ ಇರಬಾರದು. ನಂಬರ್ ಬೇರಿಂಗಿನ ಅಂಚಿನಲ್ಲೇ ಇರುತ್ತದೆ: 6204 ಆದರೆ ಒಳಗಿನ ತೂತು 20 ಮಿ.ಮೀ., 6205 ಆದರೆ 25. ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ಕೇಳಿ, ಮರದ ಹುಡಿ ಒಳಗೆ ಹೋಗುವುದಿಲ್ಲ. ಬ್ಲೇಡ್ ನಟ್ ಬಿಚ್ಚುವಾಗ, ಬ್ಲೇಡ್ ಓಡುವ ದಿಕ್ಕಿಗೇ ತಿರುಗಿಸಿ. ಉಲ್ಟಾ ಬಲ ಹಾಕಿದರೆ ಥ್ರೆಡ್ ಹಾಳಾಗುತ್ತದೆ.

ಆಮೇಲೆ ಅಳತೆ. ಬ್ಲೇಡ್ ಪೂರ್ತಿ ಮೇಲೆತ್ತಿ ಒಂದು ಹಲ್ಲಿಗೆ ಮಾರ್ಕರ್‌ನಲ್ಲಿ ಗುರುತು ಹಾಕಿ. ಮೂಲೆಮಟ್ಟವನ್ನು ಟೇಬಲಿನ ಸ್ಲಾಟಿಗೆ (ಬ್ಲೇಡಿನ ಪಕ್ಕ ಉದ್ದಕ್ಕೆ ಇರುವ ಗಾಡಿಗೆ) ಒತ್ತಿಟ್ಟು, ಅದರ ತುದಿ ಆ ಹಲ್ಲಿಗೆ ತಾಗುವಂತೆ ಮಾಡಿ. ಈಗ ಬ್ಲೇಡ್ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು, ಮೂಲೆಮಟ್ಟವನ್ನೂ ಅಲ್ಲಿಗೆ ಸರಿಸಿ ಮತ್ತೆ ನೋಡಿ. ಬೇರೆ ಹಲ್ಲು ಹಿಡಿದರೆ ಬ್ಲೇಡಿನ ಡೊಂಕೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಸಂದು ಎಷ್ಟಿದೆ ಅಂತ ಫೀಲರ್ ಗೇಜಿನಲ್ಲಿ (ಸಂದಿಗೆ ತೂರಿಸಿ ಅಳೆಯುವ ತೆಳು ತಗಡಿನ ಎಲೆಗಳು) ನೋಡಿ, ಬೈಕ್ ಮೆಕ್ಯಾನಿಕ್ ಹತ್ತಿರ ಇರುತ್ತದೆ. 0.1 ಮಿ.ಮೀ. ಒಳಗೆ ಬರಬೇಕು. ಜಾಸ್ತಿ ಇದ್ದರೆ ಟೇಬಲ್ ಬೋಲ್ಟ್ ಸಡಿಲಿಸಿ, ಮರದ ಸುತ್ತಿಗೆಯಲ್ಲಿ ಟೇಬಲನ್ನೇ ತಟ್ಟಿ ಸರಿಸಿ. ಫೆನ್ಸ್ ಸರಿಮಾಡುವುದು ಕೊನೆಗೆ, ಅದೂ ಇದೇ ಸ್ಲಾಟಿಗೆ ಸಮವಾಗಿ.

ಬ್ಲೇಡಿನ ಹಿಂದೆ ಸೀಳಿನೊಳಗೆ ನಿಲ್ಲುವ ತಗಡು ಇದೆಯಾ? ಇಲ್ಲದಿದ್ದರೆ ಮಾಡಿಸಲೇಬೇಕು. ಹಲಸು, ಅಕೇಶಿಯಾ ಸೀಳುತ್ತಿದ್ದ ಹಾಗೇ ಬಾಯಿ ಮುಚ್ಚಿಕೊಂಡು ಬ್ಲೇಡ್ ಹಿಡಿಯುತ್ತವೆ. ತಗಡು ಬ್ಲೇಡಿನ ತಟ್ಟೆಗಿಂತ ದಪ್ಪ, ಹಲ್ಲಿನ ಅಗಲಕ್ಕಿಂತ ತೆಳು ಇರಬೇಕು. ತಟ್ಟೆ 1.8, ಹಲ್ಲು 2.8 ಇದ್ದರೆ 2.5 ಮಿ.ಮೀ. ತಗಡು ಸರಿ.

ವೈಂಡಿಂಗ್ ಕೆಲಸ:
ಸಾದಾ ಸ್ವಿಚ್ ಇದ್ದರೆ ಮೊದಲು ಅದನ್ನು ತೆಗೆಯಿರಿ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳೋಕಾಗಲ್ಲ ಅಲ್ವಾ? ಬ್ಲೇಡಿಗೆ ಸಿಕ್ಕ ತುಂಡು ತೆಗೆಯಲು ಕೈ ಹಾಕಿದಾಗಲೇ ಬಂದರೆ ಬೆರಳು ಉಳಿಯುವುದಿಲ್ಲ. ಹಸಿರು, ಕೆಂಪು ಬಟನ್ನಿನ ಡಿಒಎಲ್ (ಡೈರೆಕ್ಟ್ ಆನ್‌ಲೈನ್) ಸ್ಟಾರ್ಟರ್ ಹಾಕಿ. ಕರೆಂಟ್ ಹೋದರೆ ಒಳಗಿನ ಕಾಯಿಲ್ ಬಿಟ್ಟುಕೊಳ್ಳುತ್ತದೆ, ಮತ್ತೆ ಹಸಿರು ಒತ್ತುವ ತನಕ ಮೋಟಾರ್ ಓಡುವುದಿಲ್ಲ. ಕಾಯಿಲ್ 230 ವೋಲ್ಟಿನದೇ ಇರಲಿ, ಮೂರು ಫೇಸ್ ಪಂಪಿನದು 415ರದ್ದು. ಇನ್ನೊಂದು: ತೋಟದ ಪಂಪಿಗೆ ಹಾಕುವ ಆಟೋ ಸ್ಟಾರ್ಟರ್ ಬೇಡವೇ ಬೇಡ. ಕರೆಂಟ್ ಬಂದ ಕೂಡಲೇ ತಾನೇ ಆನ್ ಮಾಡಲಿಕ್ಕೇ ಅದನ್ನು ಮಾಡಿರುವುದು.

ಸಾಗರದವ:
ಅಣ್ಣಾ, ನೀವು ಹೇಳಿದ ಹಾಗೇ ಇತ್ತು. ಫೆನ್ಸಿನ ಹಿಂದಿನ ತುದಿ ಒಂದೂವರೆ ಮಿ.ಮೀ. ಒಳಗೆ ಬಂದಿತ್ತು. ಬೇರಿಂಗ್ 6204, ಎರಡೂ ಬದಲಾಯಿಸಿದೆ, ಸದ್ದು ನಿಂತಿತು. ಸ್ಟಾರ್ಟರ್ ಕೂತಿದೆ. ತಗಡು ಲೇತ್ ಅಂಗಡಿಯಲ್ಲಿದೆ, ಬರುವ ತನಕ ಮುಟ್ಟುವುದಿಲ್ಲ. ಅಷ್ಟರಲ್ಲಿ ತುಕ್ಕು ತೆಗೆಯೋಣ ಅಂತ. ಎಣ್ಣೆ ಹಚ್ಚಿಟ್ಟರೆ ಸಾಕಾ?

ಬೀಡು ಕಬ್ಬಿಣ:
ಎಣ್ಣೆ ಬೇಡ, ಮರಕ್ಕೆ ಕಲೆ ಹಿಡಿಯುತ್ತದೆ. ಸೀಮೆಎಣ್ಣೆ ಹಾಕಿ 320 ನಂಬರಿನ ಎಮೆರಿ ಪೇಪರನ್ನು ಮರದ ತುಂಡಿಗೆ ಸುತ್ತಿ ಉಜ್ಜಿ. ಬರೀ ಕೈಯಲ್ಲಿ ಉಜ್ಜಿದರೆ ಗುಳಿ ಬೀಳುತ್ತದೆ. ಗ್ರೈಂಡರ್ ಅಂತೂ ಹತ್ತಿರ ತರಬೇಡಿ. ಒರೆಸಿ ಒಣಗಿದ ಮೇಲೆ, ಟರ್ಪೆಂಟೈನಿನಲ್ಲಿ ಕರಗಿಸಿದ ಜೇನುಮೇಣ ಬಟ್ಟೆಯಲ್ಲಿ ಹಚ್ಚಿ ಚೆನ್ನಾಗಿ ತಿಕ್ಕಿ. ಮೇಣವನ್ನು ಒಲೆ ಮೇಲೆ ಕರಗಿಸಬೇಡಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಟರ್ಪೆಂಟೈನ್ ಬೆಂಕಿಯಿಂದ ದೂರ ಇರಲಿ. ಮಳೆಗಾಲದಲ್ಲಿ ಆಗಾಗ ಹಚ್ಚುತ್ತಿರಿ. ಸಿಲಿಕಾನ್ ಸ್ಪ್ರೇ ಬೇಡ, ಅದು ಮರಕ್ಕೆ ತಾಗಿದರೆ ಪಾಲಿಶ್ ಕೂರುವುದಿಲ್ಲ. ಹಳೇ ಬ್ಲೇಡನ್ನೂ ವಾಷಿಂಗ್ ಸೋಡಾ ನೀರಿನಲ್ಲಿ ನೆನೆಸಿ ಬ್ರಷ್‌ನಲ್ಲಿ ಉಜ್ಜಿ, ಸುಟ್ಟ ಅಂಟೆಲ್ಲ ಬಿಡುತ್ತದೆ. ಹಲ್ಲು ಎಷ್ಟಿವೆ ಎಣಿಸಿ ಹೇಳಿ. 60 ಇದ್ದರೆ ಅದು ಅಡ್ಡ ಕತ್ತರಿಸುವ ಬ್ಲೇಡು, ಉದ್ದಕ್ಕೆ ಸೀಳಲು 24 ಹಲ್ಲಿನದು ತಗೊಳ್ಳಿ.