ಸಹಾಯ ಬೇಕು: ತಿಪಟೂರು ದಾಟೋಷ್ಟರಲ್ಲಿ ಬಲಗೈ ಬೆರಳು ಜೋಮು ಹಿಡಿಯುತ್ತೆ

ನಮಸ್ಕಾರ ಎಲ್ಲರಿಗೂ. ತಿಂಗಳಿಗೆರಡು ಸಲ ಬೆಂಗಳೂರಿಂದ ಶಿವಮೊಗ್ಗಕ್ಕೆ 350 ಸಿಸಿ ಬೈಕಲ್ಲಿ ಹೋಗ್ತೀನಿ, ಹತ್ತಿರ ಹತ್ತಿರ 300 ಕಿ.ಮೀ. ತುಮಕೂರು ತನಕ ಏನೂ ಇಲ್ಲ. ತಿಪಟೂರು ದಾಟೋಷ್ಟರಲ್ಲಿ ಬಲಗೈ ಕಿರುಬೆರಳು, ಉಂಗುರಬೆರಳು ಎರಡೂ ಜೋಮು. ಹೋದ ಸಲ ಅರಸೀಕೆರೇಲಿ ಹೆಲ್ಮೆಟ್ ಪಟ್ಟಿ ಬಿಚ್ಚೋಕೇ ಆಗಲಿಲ್ಲ, ಟೀ ಅಂಗಡಿಯವರು ಬಿಚ್ಚಿಕೊಟ್ರು. ನಾಚಿಕೆ ಆಯ್ತು.

ಕೂರೋ ಜಾಗದ ನೋವು ಜೆಲ್ ಸೀಟ್ ಕವರ್ ಹಾಕಿದ ಮೇಲೆ ಕಮ್ಮಿ, ಅದು ಬಿಡಿ. ಕೈಗೆ ದಪ್ಪ ಗ್ಲೌಸ್ ಹಾಕಿದೆ, ಗಂಟೆಗೊಮ್ಮೆ ನಿಲ್ಲಿಸಿದೆ. ಗ್ರಿಪ್‌ಗೆ ಫೋಮ್ ಸುತ್ತಿದ್ರೆ ದಪ್ಪ ಆಗಿ ಇನ್ನೂ ಬಿಗಿಯಾಗಿ ಹಿಡೀಬೇಕಾಯ್ತು, ಕಿತ್ತುಹಾಕಿದೆ. ಅಂಗೈ ಬುಡದಲ್ಲಿ ಅಲ್ನಾರ್ ನರ (ಈ ಎರಡು ಬೆರಳಿಗೆ ಹೋಗೋ ನರ) ಒತ್ತಿಹೋಗ್ತಿದೆ, ಕೈ ಮೇಲೆ ಭಾರ ಬಿಡಬೇಡಿ ಅಂದ್ರು ಡಾಕ್ಟರು. ಸರಿ, ಆದ್ರೆ ಆಕ್ಸಿಲರೇಟರ್ ಬಿಟ್ಟು ಓಡಿಸೋಕಾಗುತ್ತಾ?

ಒಬ್ಬ ಮೆಕ್ಯಾನಿಕ್ಕು ಹ್ಯಾಂಡಲ್ ಎತ್ತರಿಸೋಕೆ ರೈಸರ್ ಹಾಕ್ಸಿ ಅಂತಾರೆ. ಇನ್ನೊಬ್ರು ಇದು ವೈಬ್ರೇಶನ್‌ದು, ಹ್ಯಾಂಡಲ್ ತುದಿಗೆ ತೂಕ ಹಾಕ್ಸಿ ಅಂತಾರೆ. ಎಡಗೈಗೆ ಏನೂ ಆಗಲ್ಲ, ಹಾಗಾಗಿ ಬರೀ ವೈಬ್ರೇಶನ್ ಅಂದ್ರೆ ನಂಗೆ ನಂಬಿಕೆ ಬರ್ತಿಲ್ಲ.

ಇದೇ ಎರಡು ಬೆರಳು ಜೋಮು ಹಿಡಿದು ಸರಿಮಾಡ್ಕೊಂಡವರು ಇದ್ರೆ ಹೇಳಿ: ಮೊದಲು ರೈಸರ್ ಹಾಕಿಸ್ಲಾ, ತೂಕ ಹಾಕಿಸ್ಲಾ? ರೈಸರ್ ಆದ್ರೆ ಈಗಿರೋ ಕ್ಲಚ್ ಕೇಬಲ್, ಬ್ರೇಕ್ ಹೋಸ್ ಉದ್ದ ಸಾಕಾಗುತ್ತಾ?