ಜರ್ಮನಿ ಬಿಟ್ಟು ಬಂದು, ಜರ್ಮನಿಯ ಮೇಲೆ ಬಾಂಬ್ ಹಾಕಿದವರಿಗೆ ಏನನ್ನೋಣ?

ಗೆಳೆಯರೇ,

ಎರಡನೇ ಮಹಾಯುದ್ಧದ ಬಗ್ಗೆ ಒಂದು ಬರಹ ಮಾಡುತ್ತಿದ್ದೇನೆ. ಹಿಟ್ಲರ್ ಬಂದ ಮೇಲೆ ಜರ್ಮನಿ ಬಿಟ್ಟು ಇಂಗ್ಲೆಂಡ್ ಸೇರಿದ ಕೆಲವರು, ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಮಾನ ಹತ್ತಿ ಜರ್ಮನಿಯ ಮೇಲೇ ಹಾರಿದರು. ಇಂಥವರಲ್ಲಿ ಬಹುಪಾಲು ಯಹೂದಿಗಳು. ಇವರನ್ನು ಕನ್ನಡದಲ್ಲಿ ಏನಂತ ಕರೆಯಬೇಕು?

‘ಜರ್ಮನ್ ವಲಸಿಗರು’ ಎಂದು ಬರೆದು ನೋಡಿದೆ. ವಲಸೆ ಅಂದ ಕೂಡಲೇ ನಮಗೆ ಕೂಲಿ, ಸಂಬಳ ನೆನಪಾಗುತ್ತವೆ. ‘ಗುಳೆ’ ಅಂತೂ ಮಳೆ ಬಂದರೆ ತಿರುಗಿ ಊರಿಗೆ ಬರುವವರ ಮಾತು. ‘ಗಡಿಪಾರು’ ಅಂದರೆ ರೌಡಿಯನ್ನು ಪೊಲೀಸರು ಜಿಲ್ಲೆಯಿಂದಾಚೆ ಕಳಿಸೋದು. ‘ದೇಶಭ್ರಷ್ಟ’ ಒಳ್ಳೆಯ ಹಳೆಯ ಪದವೇ. ಆದರೆ ಇವತ್ತು ಓದುವವನಿಗೆ ‘ಭ್ರಷ್ಟ’ ಅಂದರೆ ಲಂಚ ತಿಂದವನು, ಅಲ್ವಾ? ‘ನಿರಾಶ್ರಿತ’ ಎಲ್ಲರಿಗೂ ಗೊತ್ತಿರುವ ಪತ್ರಿಕೆಯ ಪದ. ಆದರೆ ಅದು ಕೈ ಕಟ್ಟಿ ಶಿಬಿರದಲ್ಲಿ ಕೂತವನಿಗೆ ಒಪ್ಪುತ್ತದೆ, ವಿಮಾನ ಓಡಿಸುವವನಿಗೆ ಒಪ್ಪುವುದಿಲ್ಲ.

ಒಬ್ಬನ ಕತೆ ಹೇಳಿದರೆ ನನ್ನ ತೊಡಕು ತಿಳಿದೀತು. ಗೆಯೋರ್ಗ್ ಹೈನ್ 1919ರಲ್ಲಿ ಹನೋವರ್ ನಗರದಲ್ಲಿ ಹುಟ್ಟಿದವನು. ಹದಿಹರೆಯದಲ್ಲೇ ತಾಯಿ ಅವನನ್ನು ಇಂಗ್ಲೆಂಡಿಗೆ ಕಳಿಸಿದಳು. 1939ರಲ್ಲಿ ಯುದ್ಧ ಶುರುವಾದಾಗ, ತೀರಿಕೊಂಡಿದ್ದ ಸಹಪಾಠಿಯೊಬ್ಬನ ಹೆಸರು ಇಟ್ಟುಕೊಂಡು ‘ಪೀಟರ್ ಸ್ಟೀವನ್ಸ್’ ಆಗಿ ವಾಯುಪಡೆ ಸೇರಿದ. ಸೇರಿದ್ದೇ ಸುಳ್ಳು ಹೇಳಿ! ಹ್ಯಾಂಪ್ಡನ್ ಬಾಂಬರ್‌ನ ಪೈಲಟ್ ಆದ. 1941ರ ಸೆಪ್ಟೆಂಬರ್‌ನಲ್ಲಿ ಬರ್ಲಿನ್ ದಾಳಿಯಿಂದ ವಾಪಸಾಗುವಾಗ ನೆದರ್ಲೆಂಡ್ಸ್‌ನಲ್ಲಿ ಇಳಿಯಬೇಕಾಯಿತು, ಸಿಕ್ಕಿಬಿದ್ದ. ಮೂರೂವರೆ ವರ್ಷಕ್ಕೂ ಜಾಸ್ತಿ ಜರ್ಮನ್ನರ ಕೈಯಲ್ಲಿ ಯುದ್ಧಕೈದಿ. ತಾನೂ ಜರ್ಮನ್ ಎಂದು ಗೊತ್ತಾದರೆ ಜೀವವೇ ಹೋಗುತ್ತಿತ್ತು. ಇಷ್ಟಾದರೂ ವಾರ್ಬುರ್ಗ್ ಶಿಬಿರದಲ್ಲಿ ಜರ್ಮನ್ ಸೈನಿಕನ ವೇಷ ಹಾಕಿ, ಕೆಲಸಕ್ಕೆ ಕರೆದೊಯ್ಯುವ ನೆಪದಲ್ಲಿ ಕೈದಿಗಳನ್ನು ಹೊರಗೆ ಸಾಗಿಸಲು ನೋಡಿದ. ಇಂಗ್ಲಿಷಿನವನಂತೆ ನಟಿಸುತ್ತಿದ್ದ ಜರ್ಮನ್, ಜರ್ಮನ್‌ನಂತೆ ನಟಿಸಿದ್ದು. ಮುಂದೆ ಇವನಿಗೆ ಮಿಲಿಟರಿ ಕ್ರಾಸ್ ಪದಕ ಬಂತು.

ಇನ್ನೊಂದು ಗುಂಪು ಲಿಂಕನ್‌ಶೈರ್‌ನ ಲಡ್‌ಫರ್ಡ್ ಮ್ಯಾಗ್ನಾದಲ್ಲಿದ್ದ 101ನೇ ಸ್ಕ್ವಾಡ್ರನ್‌ನದು. ಲ್ಯಾಂಕಾಸ್ಟರ್ ವಿಮಾನದಲ್ಲಿ ಸಾಮಾನ್ಯವಾಗಿ ಏಳು ಜನ. ಇಲ್ಲಿ 1943ರ ಅಕ್ಟೋಬರ್‌ನಿಂದ ಎಂಟನೆಯವನೊಬ್ಬ ಬಂದ, ಜರ್ಮನ್ ಬಲ್ಲವನು. ನೆಲದಿಂದ ಜರ್ಮನ್ ರಾತ್ರಿ ಫೈಟರ್‌ಗಳಿಗೆ ಸೂಚನೆ ಕೊಡುವ ದನಿಯನ್ನು ರೇಡಿಯೋದಲ್ಲಿ ಹುಡುಕಿ, ಅದೇ ತರಂಗದ ಮೇಲೆ ಗದ್ದಲ ಎಬ್ಬಿಸಿ ಕೆಡಿಸುವುದು ಅವನ ಕೆಲಸ. ಉಪಕರಣದ ಗುಟ್ಟಿನ ಹೆಸರು ‘ಏರ್‌ಬೋರ್ನ್ ಸಿಗಾರ್’. ಈ ಎಂಟನೆಯವರೆಲ್ಲ ಜರ್ಮನಿಯಿಂದ ಬಂದವರಲ್ಲ, ಭಾಷೆ ಕಲಿತ ಇಂಗ್ಲಿಷರೂ ಇದ್ದರು. ಬಂದವರು ಮಾತ್ರ ಹೆಸರು ಬದಲಿಸಿಕೊಂಡಿದ್ದರು, ಸಿಕ್ಕಿಬಿದ್ದರೆ ದೇಶದ್ರೋಹಿ ಎಂದು ಕೊಲ್ಲಬಾರದಲ್ಲ!

ಈ ‘ದೇಶದ್ರೋಹಿ’ ಪದವೂ ನನಗೆ ಕೊರೆಯುತ್ತಿದೆ. 1941ರ ನವೆಂಬರ್‌ನಲ್ಲಿ ಜರ್ಮನ್ ಸರ್ಕಾರ, ದೇಶದಾಚೆ ನೆಲೆಸಿದ ಯಹೂದಿಗಳ ಪೌರತ್ವವನ್ನು ಒಂದೇ ಆದೇಶದಲ್ಲಿ ಕಿತ್ತುಕೊಂಡಿತು. ದೇಶವೇ ಕೈಬಿಟ್ಟ ಮೇಲೆ ದ್ರೋಹ ಯಾವುದು? ಇತ್ತ ಬ್ರಿಟನ್ನೂ ಕಡಿಮೆ ಇಲ್ಲ. 1940ರಲ್ಲಿ ಇಂಥ ಸಾವಿರಾರು ಜನರನ್ನು ‘ಶತ್ರುದೇಶದವರು’ ಎಂದು ಹಿಡಿದು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಕೂಡಿಹಾಕಿತ್ತು. ಅಲ್ಲಿಂದ ಹೊರಬಂದ ಎಷ್ಟೋ ಮಂದಿ ಸೈನ್ಯಕ್ಕೇ ಸೇರಿದರು.

ನಮ್ಮಲ್ಲಿ ‘ಪರದೇಶಿ’ ಎಂಬ ಮಾತಿದೆ. ಬೇರೆ ದೇಶದವನು ಅನ್ನೋದು ಒಂದರ್ಥ, ಹೇಳಕೇಳೋರು ಯಾರೂ ಇಲ್ಲದವನು ಅನ್ನೋದು ಇನ್ನೊಂದು. ಎರಡೂ ಇವರಿಗೆ ಸಲ್ಲುತ್ತವೆ. ಆದರೆ ಬೈಗುಳದ ವಾಸನೆ ಹೊಡೆಯುತ್ತದೆ, ಶೀರ್ಷಿಕೆಗೆ ಹಾಕಲು ಧೈರ್ಯ ಸಾಲದು.

ಸದ್ಯಕ್ಕೆ ‘ದೇಶ ಬಿಟ್ಟ ಜರ್ಮನ್ನರು’ ಎಂದು ಇಟ್ಟುಕೊಂಡಿದ್ದೇನೆ. ಉದ್ದವಾಯಿತು ನಿಜ, ಆದರೆ ಸುಳ್ಳು ಹೇಳುವುದಿಲ್ಲ. ಇದಕ್ಕಿಂತ ಚಿಕ್ಕ ಪದ ಯಾರಿಗಾದರೂ ಹೊಳೆದರೆ ತಿಳಿಸಿ. ಹಾಗೆಯೇ ಆ ಎಂಟನೆಯವನ ಕೆಲಸಕ್ಕೂ ಒಂದು ಹೆಸರು ಬೇಕು. ‘ದುಭಾಷಿ’ ಬೇಡ, ಅವನು ಯಾರಿಗೂ ಅನುವಾದ ಮಾಡಿಕೊಡಲಿಲ್ಲ.